ಶಹರ ಗಂಜಾಂ ಮತ್ತು ಶಿರಾದ ಮನೆತನಗಳು

ನಮ್ಮ ಗುತ್ತಲ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಮೈಸೂರು ಪ್ರವಾಸಕ್ಕೆ ಹೋದವರು ಶ್ರೀರಂಗಪಟ್ಟಣದಲ್ಲಿ ಇಳಿಯದೆ ಬರುವುದಿಲ್ಲ. ಕೋಟೆಯೊಳಗೆ 1787ರ ಮಸ್ಜಿದೆ ಆಲಾದಲ್ಲಿ ಎರಡು ರಕಅತ್ ನಮಾಝ್, ಆಮೇಲೆ ದರಿಯಾ ದೌಲತ್, ಕೊನೆಗೆ ಗುಂಬಜ್‌ನಲ್ಲಿ ಫಾತಿಹಾ. ಕೋಟೆಯಿಂದ ಗುಂಬಜ್‌ಗೆ ಹೋಗುವ ದಾರಿಯಲ್ಲಿ ಒಂದು ಜನವಸತಿ ಸಿಗುತ್ತದೆ. ನಮ್ಮವರ ಬಸ್ಸು ಅಲ್ಲಿ ನಿಲ್ಲುವುದು ಕಡಿಮೆ. ಅದರ ಹೆಸರು ಗಂಜಾಂ, ಹಳೆಯ ದಾಖಲೆಗಳಲ್ಲಿ ಶಹರ ಗಂಜಾಂ.

ಟಿಪ್ಪು ಸುಲ್ತಾನರ ಕುರಿತು ಮಾತು ಬಂದರೆ ರಾಕೆಟ್ಟು, ಹುಲಿ, ಖಡ್ಗ ಎಲ್ಲವೂ ಬರುತ್ತವೆ. ಹೊಗಳುವವರು ಒಂದು ಕಡೆ, ತೆಗಳುವವರು ಒಂದು ಕಡೆ. ಅವರ ರಾಜಧಾನಿಯಲ್ಲಿ ವ್ಯಾಪಾರಿಗಳು, ಕಸುಬಿನವರು, ಅವರ ಹೆಂಡತಿ ಮಕ್ಕಳು ಎಲ್ಲಿದ್ದರು, ಎಲ್ಲಿಂದ ಬಂದರು ಎಂದು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಈ ಗಂಜಾಂನಲ್ಲಿದೆ, ಶಿರಾದಲ್ಲೂ ಇದೆ.

ಶಿರಾ ನಮಗೆ ದೂರದ ಊರೇನಲ್ಲ. ಹಾವೇರಿಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರು ದಾಟಿದ ಮೇಲೆ ಸಿಗುವ ಊರು ಅದೇ. 1687ರಲ್ಲಿ ಮೊಗಲರು ಅದನ್ನು ತಮ್ಮ ಹೊಸ ಸುಬೆಯ ರಾಜಧಾನಿ ಮಾಡಿಕೊಂಡರು. 1696ರ ಕಲ್ಲಿನ ಜಾಮಿಯಾ ಮಸ್ಜಿದ್ ಈಗಲೂ ಅಲ್ಲಿದೆ. ಕೊನೆಯ ಸುಬೇದಾರರಲ್ಲಿ ದಿಲಾವರ್ ಖಾನ್ ಹೆಸರಾದವರು. ಅವರ ಕಾಲದಲ್ಲಿ ಶಿರಾದಲ್ಲಿ 50,000 ಮನೆಗಳಿದ್ದವೆಂದು ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತದೆ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ದಿಲಾವರ್ ಖಾನರ ಅರಮನೆಯೇ ಮಾದರಿಯಂತೆ. ಆ ಮೂಲ ಅರಮನೆ ಇವತ್ತು ಹಾಳುಬಿದ್ದಿದೆ.

1757ರಲ್ಲಿ ಶಿರಾ ಮರಾಠರ ಕೈಗೆ ಹೋಯಿತು, 1761ರಲ್ಲಿ ಹೈದರಲಿಯವರ ಕೈಗೆ ಬಂತು, ಮತ್ತೆ ಮರಾಠರಿಗೆ ಹೋಯಿತು, 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದರು. ಆ ಮೇಲೆ ಶ್ರೀರಂಗಪಟ್ಟಣದ ದ್ವೀಪದಲ್ಲಿ ಕೋಟೆಯ ಹೊರಗೆ ಹೊಸ ಪೇಟೆ ಕಟ್ಟುವ ಕೆಲಸ ನಡೆಯಿತು. ಪೇಟೆಗೆ ರಸ್ತೆ, ಗೋಡೆ ಹಾಕಿದರೆ ಸಾಲದು, ಜನ ಬೇಕು. ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಶಹರ ಗಂಜಾಂಗೆ ತಂದರು ಎಂದು ಅದೇ ಗೆಜೆಟಿಯರ್‌ನಲ್ಲಿದೆ. ಅವರಾಗಿ ಬಂದವರಲ್ಲ, ಹುಕುಮಿನ ಮೇಲೆ ಬಂದವರು.

12,000 ಕುಟುಂಬ ಎಂದರೆ ಮನೆಗೆ ಐದು ಜನರಂತೆ ಹಿಡಿದರೂ 60,000 ಜನ. ಬಾಣಂತಿಯರು, ಹಾಸಿಗೆ ಹಿಡಿದ ಮುದುಕರು, ಸಾಲ ಕೊಟ್ಟವರು, ಸಾಲ ಮಾಡಿದವರು, ಎಲ್ಲರೂ ಅದರಲ್ಲಿ ಇದ್ದಿರಲೇಬೇಕು. ಖಬರಸ್ತಾನವನ್ನಂತೂ ಗಾಡಿಯಲ್ಲಿ ಹೇರಿಕೊಂಡು ಬರಲಾಗುವುದಿಲ್ಲ.

ಇದನ್ನು ಬರೆಯುವಾಗ ನಮ್ಮ ಹಿರಿಯರಲ್ಲಿ ಕೆಲವರಿಗೆ ಬೇಸರವಾದೀತು ಎಂಬುದು ಗೊತ್ತಿದೆ. ಕಂಪನಿಯ ಎದುರು ಹೋರಾಡುತ್ತ ಶಹೀದರಾದ ಸುಲ್ತಾನರ ಮೇಲೆ ನನಗೂ ಗೌರವವಿದೆ. ಆದರೆ ಮಕ್ಕಾ ಬಿಟ್ಟು ಹೊರಡುವಾಗ ಪ್ರವಾದಿ(ಸ)ರು ತಿರುಗಿ ನೋಡಿ ದುಃಖಪಟ್ಟದ್ದನ್ನು ಮಿಂಬರಿನ ಮೇಲೆ ನಿಂತು ಹೇಳುವ ನಾವು, ಶಿರಾದವರು ತಿರುಗಿ ನೋಡಿದ್ದನ್ನು ಬಿಟ್ಟುಬಿಡುವುದು ಸರಿಯಲ್ಲ. ಮದೀನಾದಲ್ಲಿ ಒಬ್ಬೊಬ್ಬ ಮುಹಾಜಿರನಿಗೆ ಒಬ್ಬೊಬ್ಬ ಅನ್ಸಾರಿ ಅಣ್ಣತಮ್ಮನಾಗಿ ಸಿಕ್ಕಿದ. ರಾಜಧಾನಿ ತುಂಬಿಸಲೆಂದು ಸಾಗಿಸಿದ ಜನಕ್ಕೆ ಅಂಥ ಅಣ್ಣತಮ್ಮಂದಿರು ಸಿಗುವುದು ಕಷ್ಟ. ದಿಲ್ಲಿಯವರನ್ನು ದೌಲತಾಬಾದಿಗೆ ಹೊರಡಿಸಿದ ಮುಹಮ್ಮದ್ ಬಿನ್ ತುಘಲಕನ ಕಥೆ ಎಲ್ಲರಿಗೂ ಗೊತ್ತು. ಕರಾವಳಿಯ ಕ್ರೈಸ್ತರನ್ನೂ 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದಿದ್ದರು. ಶಿರಾದ ಮುಸಲ್ಮಾನರ ನೋವು ಹೇಳಿ ಅವರ ನೋವು ಬಿಡುವುದೂ ನ್ಯಾಯವಲ್ಲ.

ಹೀಗೆ ತುಂಬಿಸಿದ ಪೇಟೆ ಬಹಳ ದಿನ ಉಳಿಯಲಿಲ್ಲ. ಕಾರ್ನ್‌ವಾಲಿಸ್ ಸೈನ್ಯ ಬರುವ ಹೊತ್ತಿಗೆ, ಕೋಟೆಯ ಮುಂದೆ ಬಯಲು ಇರಬೇಕೆಂದು ಗಂಜಾಂನ ಬಹುಪಾಲು ಮನೆಗಳನ್ನು ಕೆಡವಲಾಯಿತು. ಮಣ್ಣಿನ ಗೋಡೆಯೊಳಗೆ ಸುಮಾರು ಅರ್ಧ ಮೈಲಿ ಚೌಕದಷ್ಟು ಭಾಗವನ್ನು ವ್ಯಾಪಾರಿಗಳಿಗಾಗಿ ಉಳಿಸಿದರು. 1792ರ ಫೆಬ್ರವರಿಯಲ್ಲಿ ಅದೂ ಇಂಗ್ಲಿಷರ ವಶವಾಯಿತು. ಆ ವರ್ಷದ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯ ಕಳೆದುಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟರು. ಗಂಜಾಂನವರು ಕಳೆದುಕೊಂಡದ್ದು ಒಪ್ಪಂದದ ಕಾಗದದಲ್ಲಿ ಬರಲಿಲ್ಲ.

1799ರ ಮೇ 4ರಂದು ಸುಲ್ತಾನರು ಶಹೀದರಾದರು. ಮರುವರ್ಷ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಅಲ್ಲಿಗೆ ಬಂದರು. ಗಂಜಾಂ ಮತ್ತೆ ಮೇಲೇಳುತ್ತಿದೆ, ಬೀದಿಗಳು ಅಗಲವಾಗಿ ನೇರವಾಗಿವೆ ಎಂದು ಬರೆದರು. ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅವರ ಅಂದಾಜು. ಈಗ ಕೋಟೆಯಲ್ಲಿ 4,163 ಮನೆ, 5,499 ಕುಟುಂಬ. ಗಂಜಾಂನಲ್ಲಿ 2,216 ಮನೆ, 3,335 ಕುಟುಂಬ. ಎರಡು ಮನೆಗೆ ಮೂರು ಕುಟುಂಬದ ಲೆಕ್ಕ. ಇವರೆಲ್ಲರೂ ಶಿರಾದವರೇ ಎಂದು ಹಿಡಿದರೂ, ತಂದ ನಾಲ್ವರಲ್ಲಿ ಮೂವರು ಅಲ್ಲಿರಲಿಲ್ಲ.

ರಾಜಧಾನಿ ಮೈಸೂರಿಗೆ ಹೋಯಿತು. ಚಳಿಜ್ವರದ ಕಾಟಕ್ಕೆ ಕಂಪನಿಯ ಸೈನ್ಯವೂ 1809ರ ಸುಮಾರಿಗೆ ಬೆಂಗಳೂರಿನ ದಂಡಿಗೆ ಹೊರಟಿತು. ಸೈನ್ಯದ ಹಿಂದೆ ದರ್ಜಿ, ಕಟುಕ, ಗಾಡಿಯವ ಹೋಗುವುದು ಎಲ್ಲ ಕಾಲದ ಪದ್ಧತಿ. ಉಳಿದವರು ಗಂಜಾಂನಲ್ಲೇ ಬದುಕು ಕಟ್ಟಿಕೊಂಡರು. ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1800ರಲ್ಲಿ ಅಲ್ಲೊಂದು ಇಗರ್ಜಿ ಕಟ್ಟಿಸಿದರು. ನಿಮಿಷಾಂಬ ದೇವಸ್ಥಾನ ಇರುವುದೂ ಗಂಜಾಂನ ಹೊಳೆ ದಂಡೆಯಲ್ಲೇ. ಊರ ಸುತ್ತಲಿನ ತೋಟಗಳ ಅಂಜೂರಕ್ಕೆ ಗಂಜಾಂ ಅಂಜೂರ ಎಂದೇ ಹೆಸರು ಬಂತು.