450 ರೂಪಾಯಿ ಸಂಬಳ, ಒಂದು ಬಾಕಿ ಪ್ರಬಂಧ

ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದವರನ್ನು ಮುಂಬೈಯಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ಲೋಕಲ್ ಟ್ರೇನಿನ ಒಂದೇ ಡಬ್ಬಿಯಲ್ಲಿ ಇಬ್ಬರು ಮೂವರು ಸಿಕ್ಕಾರು. ಆದರೆ ಆ ಮಾತು ಬಂದಾಗ ಅವರ ದನಿ ಸ್ವಲ್ಪ ತಗ್ಗುತ್ತದೆ. ವಿದ್ಯೆಗೆ ಮೋಸ ಮಾಡಿ ಹಣದ ಹಿಂದೆ ಹೋದೆ ಎಂಬ ಅಳುಕು. ಅಂಥವರಿಗೆ ಇದೇ ಊರಿನ ಒಂದು ಹಳೆಯ ಕತೆ ಹೇಳಬೇಕು ಅನಿಸುತ್ತದೆ.

1917ರ ಆಗಸ್ಟ್‌ನಲ್ಲಿ 26 ವರ್ಷದ ಒಬ್ಬ ವಿದ್ಯಾರ್ಥಿ ಲಂಡನ್ನಿನಿಂದ ಮುಂಬೈಗೆ ಬಂದಿಳಿದರು. ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋಗಿ ಎಂ.ಎ. ಮುಗಿಸಿದ್ದರು. ಅಲ್ಲಿನ ಪಿಎಚ್.ಡಿ. ಮಾತ್ರ ಬಾಕಿ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದರಷ್ಟೇ ಪದವಿ. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ, ಕಾನೂನು ಓದಲು ಗ್ರೇಸ್ ಇನ್‌ಗೂ ಸೇರಿದ್ದರು. ವರ್ಷ ತುಂಬುವ ಮೊದಲೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಮಹಾಯುದ್ಧದ ಪಾಲಾಗಿ ಸಮುದ್ರ ಸೇರಿದವು. ಕೈಯಲ್ಲಿ ಉಳಿದದ್ದು ಒಂದು ಅನುಮತಿ: ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಬಹುದು.

ಕರಾರಿನಂತೆ ಬರೋಡಾದಲ್ಲಿ ಹತ್ತು ವರ್ಷ ನೌಕರಿ ಮಾಡಬೇಕಿತ್ತು. ಅಸ್ಪೃಶ್ಯನೆಂಬ ಕಾರಣಕ್ಕೆ ಅಲ್ಲಿ ಇರಲು ಮನೆಯೇ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಜಾತಿ ಮರೆಮಾಚಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ಮತ್ತೆ ಮುಂಬೈ, ಪರೇಲಿನ ಬಿಐಟಿ ಚಾಳಿನ ಎರಡು ಕೋಣೆ, ರಮಾಬಾಯಿ ಮತ್ತು ಸಂಸಾರ. ಅಮೆರಿಕದಲ್ಲಿ ಓದಿದವರು ಮನೆಪಾಠ ಹೇಳಿದರು. ಹೂಡಿಕೆಯ ಸಲಹೆ ಕೊಡುವ ವ್ಯವಹಾರ ತೆರೆದರು. ಸಲಹೆಗಾರನ ಜಾತಿ ತಿಳಿದ ಮೇಲೆ ಗಿರಾಕಿಗಳು ಬರುವುದು ನಿಂತಿತು.

1918ರ ನವೆಂಬರ್‌ನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ತಾತ್ಕಾಲಿಕ ಹುದ್ದೆ, ತಿಂಗಳಿಗೆ 450 ರೂಪಾಯಿ. ಅವರು ಮುಟ್ಟುವ ಹೂಜಿಯ ನೀರನ್ನು ಕುಡಿಯಲು ಕೆಲವು ಸಹೋದ್ಯೋಗಿಗಳು ಒಪ್ಪಲಿಲ್ಲ. ವಿದ್ಯಾರ್ಥಿಗಳು ಮಾತ್ರ ಬೇರೆ ಕಾಲೇಜುಗಳಿಂದಲೂ ಬಂದು ಪಾಠ ಕೇಳಿದರು.

ಆ ಕಾಲಕ್ಕೆ ಅದು ಒಳ್ಳೆಯ ಸಂಬಳ. ಚಾಳು ಬಿಟ್ಟು ಸ್ವಲ್ಪ ಸುಖವಾಗಿ ಇರಬಹುದಿತ್ತು. ಸಂಸಾರ ಚಾಳಿನಲ್ಲೇ ಉಳಿಯಿತು, ಸಂಬಳದಲ್ಲೊಂದು ಭಾಗ ಲಂಡನ್ನಿಗೆಂದು ಕೂಡುತ್ತ ಹೋಯಿತು. ಆ ಉಳಿತಾಯದ ಅರ್ಧ ಲೆಕ್ಕ ರಮಾಬಾಯಿಯವರದು. ಬಿಗಿಯಾದ ಖರ್ಚಿನಲ್ಲಿ ಮನೆ ನಡೆಸಿದವರು ಅವರು. ಪದವಿಪತ್ರದಲ್ಲಿ ಆ ಹೆಸರು ಬರೆಯುವ ಪದ್ಧತಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.

1920ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಆ ಕೆಲಸ ಬಿಟ್ಟರು. ಉಳಿತಾಯದ ಜೊತೆಗೆ ಕೊಲ್ಹಾಪುರದ ಶಾಹೂ ಮಹಾರಾಜರ 1,500 ರೂಪಾಯಿ, ಗೆಳೆಯ ನವಲ್ ಭಾಥೇನಾ ಕೊಟ್ಟ 5,000 ರೂಪಾಯಿ ಸಾಲ ಸೇರಿಸಿ ಜುಲೈಯಲ್ಲಿ ಹಡಗು ಹತ್ತಿದರು. ನಾಲ್ಕು ವರ್ಷದ ಗಡುವು ಇನ್ನೂ ತೀರಿರಲಿಲ್ಲ. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್. ಡಿ.ಎಸ್ಸಿ. ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ! ಪರೀಕ್ಷಕರು ತಿದ್ದಿ ಬರೆಯಲು ಹೇಳಿದಾಗ ಕೈಯಲ್ಲಿ ರೂಪಾಯಿ ಮುಗಿದಿತ್ತು. 1923ರಲ್ಲಿ ಮುಂಬೈಗೆ ಮರಳಿ, ಇಲ್ಲಿಂದಲೇ ತಿದ್ದಿ ಕಳಿಸಿ, ಅದೇ ವರ್ಷ ಪದವಿ ಪಡೆದರು. ಕೊಲಂಬಿಯಾದ ಬಾಕಿಯೂ ತೀರಿತು: 1925ರಲ್ಲಿ ಪುಸ್ತಕ ಅಚ್ಚಾಯಿತು, 1927ರಲ್ಲಿ ಪಿಎಚ್.ಡಿ. ಬಂತು.

ಇದನ್ನು 'ಛಲವಿದ್ದರೆ ಎಲ್ಲವೂ ಸಾಧ್ಯ' ಎಂಬ ನೀತಿಕತೆ ಮಾಡುವುದು ಸುಲಭ. ನನಗೆ ಕಾಣುವುದು ಬೇರೆ. ಅಂಬೇಡ್ಕರರ ಛಲ ಬರೋಡಾದಲ್ಲಿ ಕಡಿಮೆಯಿತ್ತೇ? ಅಲ್ಲಿ ಮಲಗಲು ಜಾಗ ಸಿಗಲಿಲ್ಲ, ಅಷ್ಟೆ. ಮುಂಬೈಯಲ್ಲಿ ಸಂಬಳ ಸಿಕ್ಕಿತು, ಸಾಲ ಕೊಡುವ ಗೆಳೆಯನಿದ್ದ, ಲಂಡನ್ನಿನಲ್ಲಿ ಬಾಗಿಲು ತೆರೆದೇ ಇತ್ತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ರೂಪಾಯಿಯ ಆ ಪ್ರಬಂಧವನ್ನು ಲೋಕ ನೋಡುತ್ತಿರಲಿಲ್ಲ.

ಇಂದು ಜೆಆರ್‌ಎಫ್ ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಅದು ಸಿಗದವರೇ ಹೆಚ್ಚು. ಮುಂಬೈಯ ಬಾಡಿಗೆ ಕಟ್ಟಿ, ಊರಿನಲ್ಲಿ ಕಾಯುವ ಅಪ್ಪ ಅಮ್ಮನಿಗೆ ಒಂದಿಷ್ಟು ಕಳಿಸುವ ಸಂಶೋಧಕ ನೌಕರಿಗೆ ಅರ್ಜಿ ಹಾಕಿದರೆ ಅದು ಲೆಕ್ಕಾಚಾರ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಂಬೇಡ್ಕರರೂ ಮೊದಲು ಆ ಲೆಕ್ಕವನ್ನೇ ಮಾಡಿದರು. ಹೋದವರಲ್ಲಿ ಕೆಲವರು ಮರಳುತ್ತಾರೆ, ಹಲವರು ಮರಳುವುದಿಲ್ಲ. ಎರಡೂ ಸರಿಯೇ. ಮರಳಲು ಬಯಸಿದವರಿಗೆ ಬಾಗಿಲು ತೆರೆದಿದೆಯೇ ಎಂದು ಮಾತ್ರ ನಮ್ಮ ವಿಶ್ವವಿದ್ಯಾಲಯಗಳನ್ನು ಕೇಳುತ್ತಿರಬೇಕು.