ಸಲಾಕೆಯೂ ಸೌಟೂ

ಟರ್ಕಿ ಕೋಳಿಯನ್ನು ಇಡಿಯಾಗಿ ಸುಡುವಾಗ ಅದರ ಎದೆಮಾಂಸವು ಒಣಗದಂತೆ ಕಾಯ್ದುಕೊಳ್ಳುವುದು ಪಾಶ್ಚಾತ್ಯರ ಪಾಕಶಾಸ್ತ್ರದಲ್ಲಿ ಒಂದು ಹಳೆಯ ಸಮಸ್ಯೆಯೇ. ಆದರೆ ಅದು ಈಗಿನಂತೆ ಗೃಹಿಣಿಯ ಆತಂಕವಾಗಿ ಪರಿಣಮಿಸಿದ್ದು ಬೆಂಕಿಯು ಕಬ್ಬಿಣದ ಪೆಟ್ಟಿಗೆಯೊಳಗೆ ಸೇರಿಕೊಂಡ ಮೇಲೆ. ಅದಕ್ಕೆ ಮುನ್ನ ಅದು ಒಲೆಯೆದುರು ನಿಂತು ಬೆವರು ಸುರಿಸುವ ಊಳಿಗದವರ ಹೊಣೆಯಾಗಿದ್ದಿತು.

ಮೆಕ್ಸಿಕೋ ದೇಶದ ಮೂಲನಿವಾಸಿಗಳು ಬಹುಕಾಲದಿಂದ ಸಾಕುತ್ತಿದ್ದ ಈ ಹಕ್ಕಿಯು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಸ್ಪೇನಿನವರ ಹಡಗುಗಳನ್ನೇರಿ ಯೂರೋಪನ್ನು ಸೇರಿ, ಕಾಲಕ್ರಮದಲ್ಲಿ ಗೋವೆಯ ಮಾರ್ಗವಾಗಿ ಜಹಾಂಗೀರನ ಆಸ್ಥಾನವನ್ನೂ ಮುಟ್ಟಿ, 1612ರ ಸುಮಾರಿಗೆ ಮನ್ಸೂರನೆಂಬ ಚಿತ್ರಕಾರನ ಕುಂಚಕ್ಕೆ ವಸ್ತುವಾಯಿತು. ಮೊಗಲರಿಗೆ ನೋಡುವ ವಿಸ್ಮಯವಾಗಿದ್ದುದು ಇಂಗ್ಲೆಂಡಿನಲ್ಲಿ ಭೋಜನದ ಪದಾರ್ಥ. ನಾರ್ಫಕ್, ಸಫಕ್ ಸೀಮೆಗಳಿಂದ ಟರ್ಕಿಗಳನ್ನು ಮಂದೆಮಂದೆಯಾಗಿ ಲಂಡನ್ನಿನವರೆಗೆ ನಡೆಸಿಕೊಂಡು ಹೋಗುತ್ತಿದ್ದುದನ್ನು ಡೇನಿಯಲ್ ಡೀಫೋ 1720ರ ದಶಕದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ.

ಆ ಕಾಲದ ಅಡಿಗೆಮನೆಯಲ್ಲಿ ಮಾಂಸವನ್ನು ಸುಡುತ್ತಿದ್ದುದು ಬೆಂಕಿಯ ಮೇಲಿಟ್ಟಲ್ಲ, ಬೆಂಕಿಯ ಮುಂದೆ. ಉದ್ದನೆಯ ಕಬ್ಬಿಣದ ಸಲಾಕೆಗೆ ಚುಚ್ಚಿದ ಹಕ್ಕಿಯನ್ನು ಎಡೆಬಿಡದೆ ತಿರುಗಿಸುತ್ತ, ಕೆಳಗಿರಿಸಿದ ತಟ್ಟೆಯಲ್ಲಿ ತೊಟ್ಟಿಕ್ಕಿ ನಿಂತ ಕೊಬ್ಬನ್ನೂ ಬೆಣ್ಣೆಯನ್ನೂ ಸೌಟಿನಿಂದ ಮೊಗೆಮೊಗೆದು ಅದರ ಮೈಮೇಲೆ ಎರೆಯುತ್ತಿದ್ದರು. ಸಿರಿವಂತರ ಮನೆಗಳಲ್ಲಿ ಹಂದಿಯ ಕೊಬ್ಬಿನ ಸಣ್ಣ ಸೀಳುಗಳನ್ನು ದಬ್ಬಳದಿಂದ ಎದೆಯೊಳಕ್ಕೆ ಪೋಣಿಸುವುದೂ, ಎದೆ ಬೇಗನೆ ಕಂದದಿರಲೆಂದು ಬೆಣ್ಣೆ ಸವರಿದ ಕಾಗದವನ್ನು ಅದರ ಮೇಲೆ ಕಟ್ಟುವುದೂ ಉಂಟು. ಕಡೆಗೆ ಆ ಕಾಗದವನ್ನು ಬಿಚ್ಚಿ, ಹಿಟ್ಟು ಉದುರಿಸಿ, ಮತ್ತೊಮ್ಮೆ ಬೆಣ್ಣೆ ಎರೆದು, ತೊಗಲಿನ ಮೇಲೆ ನೊರೆಯೆದ್ದಾಗ ಹಕ್ಕಿಯನ್ನು ಪಂಕ್ತಿಗೆ ಒಯ್ಯುತ್ತಿದ್ದರು. ಸಲಾಕೆಯನ್ನು ತಿರುಗಿಸುವ ಕರ್ಮ ಮೊದಲು ಹುಡುಗರದು, ಆಮೇಲೆ ಗೋಡೆಗೆ ಕೂರಿಸಿದ ಚಕ್ರದೊಳಗೆ ಓಡುವ ಗಿಡ್ಡಗಾಲಿನ ನಾಯಿಗಳದು. ಅಂಥದೊಂದು ನಾಯಿಯ ತೊಗಲನ್ನು ತುಂಬಿಸಿಟ್ಟಿರುವುದನ್ನು ವೇಲ್ಸ್ ಪ್ರಾಂತದ ಅಬರ್ಗವೆನ್ನಿಯ ವಸ್ತುಸಂಗ್ರಹಾಲಯದಲ್ಲಿ ಈಗಲೂ ಕಾಣಬಹುದು. ಕೋಳಿಯ ರಸವನ್ನು ಕಾಪಾಡಿದವರ ಪೈಕಿ ಸ್ಮಾರಕವನ್ನು ಪಡೆದದ್ದು ಪ್ರಾಯಶಃ ಅದೊಂದೇ.

1796ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್ ಎಂಬಾಕೆಯ ಪಾಕಪುಸ್ತಕವು, ಹೂರಣ ತುಂಬಿದ ಟರ್ಕಿಯನ್ನು ಸ್ಥಿರವಾದ ಬೆಂಕಿಯ ಮುಂದೆ ಇಳಿಬಿಟ್ಟು, ಉಪ್ಪುನೀರನ್ನು ಮೇಲಿಂದ ಮೇಲೆ ಎರೆಯುತ್ತ, ಎದೆಯಿಂದ ಹಬೆ ಹೊರಡುವವರೆಗೆ ಸುಡಬೇಕೆಂದು ವಿಧಿಸುತ್ತದೆ. ಗಡಿಯಾರದ ಮಾತೇ ಅಲ್ಲಿಲ್ಲ. ಎದುರಿಗೇ ಕುಳಿತವರಿಗೆ ಅದರ ಅಗತ್ಯವಾದರೂ ಏನು?

ಎರೆದ ಬೆಣ್ಣೆ ಮಾಂಸದೊಳಕ್ಕೆ ಇಳಿಯುವುದೆಂದು ಅಡಿಗೆಯವರು ನಂಬಿದ್ದರು. ಹೊರಮೈಯನ್ನು ಮೊದಲೇ ತೀವ್ರವಾದ ಶಾಖಕ್ಕೆ ಒಡ್ಡಿದರೆ ಕಟ್ಟುವ ಪೊರೆಯು ರಸವನ್ನು ಒಳಗೇ ಬಂಧಿಸುವುದೆಂಬ ಮಾತು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1847ರಲ್ಲಿ ಪ್ರಕಟಿಸಿದ ಸಿದ್ಧಾಂತದಿಂದ ಪ್ರಚಾರಕ್ಕೆ ಬಂದಿತು. ಎರಡೂ ನಿಜವಲ್ಲ. ಎದೆಮಾಂಸವು ಸುಮಾರು 65 ಡಿಗ್ರಿ ಸೆಂಟಿಗ್ರೇಡನ್ನು ದಾಟಿತೆಂದರೆ ಹಿಂಡಿದ ಬಟ್ಟೆಯಂತೆ ನೀರು ಬಿಡತೊಡಗುವುದು. ಕಾಲಿನ ಬಿಗಿಯಾದ ತಂತುಗಳು ಕರಗಿ ಮೃದುವಾಗಬೇಕಾದರೋ ಅದಕ್ಕಿಂತ ಹೆಚ್ಚಿನ ಶಾಖ ಬೇಕು. ತಿರುಗುವ ಹಕ್ಕಿಯ ಒಂದು ಮಗ್ಗುಲು ಬೆಂಕಿಯನ್ನು ಕಂಡಾಗ ಇನ್ನೊಂದು ಆರುತ್ತಿದ್ದಿತು. ಎರೆದ ನೀರು ಆವಿಯಾಗುತ್ತ ತೊಗಲನ್ನು ತಣಿಸುತ್ತಿದ್ದಿತು. ಹೀಗೆ ಶಾಖವು ನಿಧಾನವಾಗಿ ಒಳಸೇರುತ್ತಿದ್ದಿತು. ಕಾರಣ ತಪ್ಪಾಗಿದ್ದರೂ ಕೈಗೆಲಸ ಸರಿಯಾಗಿಯೇ ಇದ್ದಿತೆನ್ನಬೇಕು.

ಅಮೆರಿಕದಲ್ಲಿ ಹುಟ್ಟಿ ಮ್ಯೂನಿಕ್ಕಿನಲ್ಲಿ ಅಧಿಕಾರದಲ್ಲಿದ್ದ ಕೌಂಟ್ ರಮ್‌ಫರ್ಡನು 1790ರ ದಶಕದಲ್ಲಿ ಮುಚ್ಚಿದ ಕಬ್ಬಿಣದ ಒಲೆಯೊಂದನ್ನು ರಚಿಸಿ, ಕೊಬ್ಬು ಸೀಯದಂತೆ ತಟ್ಟೆಯಡಿಯಲ್ಲಿ ನೀರನ್ನಿರಿಸಿ, ಕೊನೆಯ ಘಟ್ಟದಲ್ಲಿ ಮಾತ್ರ ಕೊಳವೆಗಳಿಂದ ಬಿಸಿಗಾಳಿಯನ್ನು ಹಾಯಿಸಿ ತೊಗಲಿಗೆ ಕೆಂಪೇರಿಸುವ ಏರ್ಪಾಡು ಮಾಡಿದನು. ಆತನ ವಿವೇಕವು ಮುಂದೆ ಮನೆಮನೆಗೆ ಬಂದ ಅಗ್ಗದ ಒಲೆಗಳಿಗೆ ಬರಲಿಲ್ಲ. ಸುತ್ತಣಿಂದಲೂ ಒಣಶಾಖ, ಮುಚ್ಚಿದ ಬಾಗಿಲು, ತಿರುಗಿಸುವವರಿಲ್ಲ. ಸೌಟು ಹಿಡಿದವಳು ಬಾಗಿಲು ತೆರೆದಾಗಲೆಲ್ಲ ಶಾಖ ಸೋರಿ ಹೊತ್ತು ಬೆಳೆಯುತ್ತಿದ್ದಿತು. ಇಷ್ಟು ಸಾಲದೆಂಬಂತೆ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ತಳಿಗಾರರು ಹಕ್ಕಿಯ ಎದೆಯನ್ನೇ ಹಿಗ್ಗಿಸಿ, ಒಣಗುವ ಭಾಗವೇ ಅಧಿಕವಾಗುವಂತೆ ಮಾಡಿದರು.

ಅಲ್ಲಿನ ಸರ್ಕಾರದ ಕೃಷಿ ಇಲಾಖೆಯೂ ರೋಗಭಯದಿಂದ ಇಡೀ ಹಕ್ಕಿಯನ್ನು 82 ಡಿಗ್ರಿಯವರೆಗೆ ಬೇಯಿಸಬೇಕೆಂದು ಬಹುಕಾಲ ಬೋಧಿಸಿ, 2006ರಲ್ಲಿ 74 ಡಿಗ್ರಿ ಸಾಕೆಂದು ತಿದ್ದಿಕೊಂಡಿತು. ಈಚೆಗೆ ಹಿಂದಿನ ದಿನವೇ ಹಕ್ಕಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿಡುವ ಕ್ರಮ ಹರಡಿದೆ. ಉಪ್ಪು ಸ್ನಾಯುವಿನ ಪ್ರೋಟೀನನ್ನು ಸಡಿಲಿಸುವುದರಿಂದ ಮಾಂಸವು ಬೆಂದರೂ ಹೆಚ್ಚಿನ ನೀರನ್ನು ಹಿಡಿದಿರುವುದು. ತೊಗಲು ಮೆತ್ತಗಾಗುವುದೆಂದು ದೂರುವವರು ನೀರನ್ನು ಬಿಟ್ಟು ಬರಿಯ ಉಪ್ಪನ್ನು ಸವರುವರು. ನನಗೆ ಎರಡನೆಯದೇ ಹೆಚ್ಚು ಸಮಂಜಸವೆಂದು ತೋರುತ್ತದೆ. ಅದಕ್ಕೆ ದೊಡ್ಡ ಕೊಳಗವೂ ಬೇಡ.