ಕೂಸಿನ ತಲೆಯ ಮೇಲೆ ಆಸ್ಥಾನದ ಟೋಪಿ

ಕೊಪ್ಪಳ ಸೀಮೆಯ ಯಾವ ಊರಿಗಾದರೂ ಹೋಗಿ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಒಂದು ಸಣ್ಣ ತಕರಾರು ಕಿವಿಗೆ ಬೀಳುವುದುಂಟು. ಅಜ್ಜಿ ಖಣದ ಕುಂಚಿಗೆ, ಗೊಂಡೆ ಕಟ್ಟಿದ ಕುಲಾಯಿ ತಂದಿರುತ್ತಾಳೆ. ಮಗುವಿಗೆ ಅದನ್ನು ತೊಡಿಸಿದ್ದೇ ತಡ ಅಳು ಶುರುವಾಗುತ್ತದೆ. "ಯವ್ವಾ, ಕೂಸು ಬೆವರಾಕತ್ತೈತಿ, ತಗದ್ಬಿಡು" ಎಂದು ಬಾಣಂತಿ ಹೇಳಿದರೆ, "ಒಂದ್ ತಾಸು ಇರ್ಲಿ ತಗೋ, ಮಂದಿ ನೋಡಿ ಹೋಗ್ಲಿ" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ.

ಕೇಳುವವರಿಗೆ ಇದು ತಾಯಿ ಮಗಳ ನಡುವಿನ ಮಾತು. ಆದರೆ ಇದರಲ್ಲಿ ಒಂದು ಹಳೆಯ ಪ್ರಶ್ನೆ ಅಡಗಿದೆ. ಎಳೆಯ ಮಕ್ಕಳಿಗೆ ದೊಡ್ಡವರ ಗಂಭೀರವಾದ, ಸಂಪ್ರದಾಯದ ಉಡುಪು ತೊಡಿಸುವುದು ಸರಿಯೇ? ಅದು ಮಗುವಿಗೆ ನಾವು ಮಾಡುವ ಗೌರವವೇ, ಅಥವಾ ನಮ್ಮ ಹೆಮ್ಮೆಗಾಗಿ ಅದಕ್ಕೆ ಕೊಡುವ ಕಷ್ಟವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಆ ಕುಲಾಯಿಯಿಂದಲೇ ಹೊರಡಬಹುದು.

ಕುಲಾಯಿ ಎಂಬುದು ಈಗ ನಮಗೆ ಕೂಸಿನ ಟೋಪಿ. ಆದರೆ ಐದಾರು ಶತಮಾನಗಳ ಹಿಂದೆ ಇದೇ ಹೆಸರಿನ ಟೋಪಿ ಅರಸರ, ಮಂತ್ರಿಗಳ, ದಂಡನಾಯಕರ ತಲೆಯ ಮೇಲಿತ್ತು. ಪಾರಸಿಯ 'ಕುಲಾಹ್' ಎಂಬ ಪದ ನಮ್ಮಲ್ಲಿ ಕುಲ್ಲಾಯಿ, ಕುಲಾಯಿ, ಕುಲಾವಿ ಎಂದಾಯಿತು. ವಿಜಯನಗರದ ಆಸ್ಥಾನದಲ್ಲಿ ಉದ್ದನೆಯ ಕುಲ್ಲಾಯಿ ಮತ್ತು ತೋಳಿನ ನಿಲುವಂಗಿಯಾದ ಕಬಾಯಿ ದರ್ಬಾರಿನ ಉಡುಪುಗಳಾಗಿದ್ದವು. ತಿರುಮಲೆಯ ದೇವಾಲಯದಲ್ಲಿ ಪತ್ನಿಯರಿಬ್ಬರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯಲ್ಲಿ ಈ ಎತ್ತರದ ಟೋಪಿಯನ್ನು ಕಾಣಬಹುದು. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿಯೂ ಅದು ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅರಸನ ತಲೆಯ ಮೇಲಿದ್ದ ಜರತಾರಿ ಟೋಪಿಯನ್ನು ಶಿರಸ್ತ್ರಾಣಕ್ಕೆ ಹೋಲಿಸಿ ಬರೆದಿದ್ದಾನೆ. ಅಷ್ಟೆಲ್ಲ ವೈಭವದ ನಡುವೆ ಅರಸ ಬರಿಗಾಲಿನಲ್ಲಿದ್ದನೆಂಬುದನ್ನೂ ಗುರುತು ಮಾಡಿಕೊಂಡಿದ್ದಾನೆ.

ಪಶ್ಚಿಮ ಏಷ್ಯಾದಿಂದ ಬಂದ ಈ ಉಡುಪನ್ನು ಹಿಂದೂ ಅರಸರ ಆಸ್ಥಾನ ಏಕೆ ಸ್ವೀಕರಿಸಿತು ಎಂಬ ಬಗ್ಗೆ ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರಲ್ಲಿ ವಿಸ್ತಾರವಾದ ಲೇಖನ ಬರೆದರು. ದೂರದ ದೇಶಗಳ ರಾಯಭಾರಿಗಳು, ಕುದುರೆ ವ್ಯಾಪಾರಿಗಳು ಬಂದುಹೋಗುವ ಸಭೆಯಲ್ಲಿ ಎಲ್ಲರಿಗೂ ಅರ್ಥವಾಗುವ ಮರ್ಯಾದೆಯ ಉಡುಪು ಬೇಕಿತ್ತು. ಅದು ಧರ್ಮದ ಗುರುತಲ್ಲ, ಅಧಿಕಾರದ ಗುರುತು.

ಈ ಟೋಪಿ ತೊಡಲು ದೊಡ್ಡವರೂ ಗೊಣಗಿದ್ದಾರೆ ಎಂಬುದು ಸ್ವಾರಸ್ಯದ ಸಂಗತಿ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ದರ್ಶನಕ್ಕಾಗಿ ಕಾದಿದ್ದ ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಒಂದು ಚಾಟು ಪದ್ಯ ಉಳಿದಿದೆ. ಕುಲ್ಲಾಯಿ ಇಟ್ಟುಕೊಂಡು, ದೊಡ್ಡ ಅಂಗಿ ತೊಟ್ಟು, ಒಗ್ಗದ ಊಟ ಉಂಡು ಸಾಕಾಯಿತು, ಇನ್ನಾದರೂ ದಯೆ ಬಾರದೇ ಎಂದು ಆತ ಕನ್ನಡ ರಾಜ್ಯಲಕ್ಷ್ಮಿಯನ್ನೇ ಕೇಳುತ್ತಾನೆ. ಆಸ್ಥಾನದ ಟೋಪಿ ಕವಿಸಾರ್ವಭೌಮನಿಗೇ ಹಿಂಸೆಯಾಗಿದ್ದರೆ, ಮೂರು ತಿಂಗಳ ಕೂಸು ಅಳುವುದರಲ್ಲಿ ಆಶ್ಚರ್ಯವೇನಿದೆ!

1565ರ ಯುದ್ಧದ ನಂತರ ವಿಜಯನಗರದ ರಾಜಧಾನಿ ಹಾಳಾಯಿತು. ಕಾಲಕ್ರಮದಲ್ಲಿ ದೊಡ್ಡವರ ತಲೆಗೆ ರುಮಾಲು, ಪಟಗಾ ಬಂದವು. ಆದರೆ ಕುಲಾಯಿ ಎಂಬ ಹೆಸರು ಸಾಯಲಿಲ್ಲ. ಹಂಪೆಯ ಎದುರು ದಂಡೆಯ ಆನೆಗೊಂದಿ ಇರುವ ಗಂಗಾವತಿ ತಾಲ್ಲೂಕಿನಲ್ಲಿ, ಅದರ ಸುತ್ತಲ ಸೀಮೆಯಲ್ಲಿ, ಅದು ತೊಟ್ಟಿಲಿಗೆ ಬಂದು ಸೇರಿತು. ಅರಸರು ಬಿಟ್ಟ ಹೆಸರನ್ನು ಕೂಸುಗಳು ಉಳಿಸಿಕೊಂಡವು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಪ್ರಕಟಿಸಿದ ಬಾಲ್ಯದ ಚರಿತ್ರೆಯಲ್ಲಿ, ದೊಡ್ಡವರು ಬಿಟ್ಟುಕೊಟ್ಟ ಹಳೆಯ ಉಡುಪು ಮಕ್ಕಳ ಮೈಮೇಲೆ ಬಹಳ ಕಾಲ ಉಳಿಯುವುದನ್ನು ಯುರೋಪಿನ ಚಿತ್ರಗಳ ಆಧಾರದಿಂದ ತೋರಿಸಿದ. ನಮ್ಮ ಕಡೆಯ ಶೇರವಾನಿಯನ್ನೇ ನೋಡಿ. ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗರ ಜಾಗೀರು. ಆ ಕಾಲದಲ್ಲಿ ಶೇರವಾನಿ ಅಧಿಕಾರದ, ವಿದ್ಯಾವಂತಿಕೆಯ ಉಡುಪಾಗಿತ್ತು. ಇಂದು ಅದನ್ನು ತೊಟ್ಟು ಯಾರೂ ಕಚೇರಿಗೆ ಹೋಗುವುದಿಲ್ಲ. ಮದುಮಗನನ್ನು ಬಿಟ್ಟರೆ, ಮದುವೆ ಮನೆಯಲ್ಲಿ ಅದು ಕಾಣುವುದು ಐದಾರು ವರ್ಷದ ಹುಡುಗರ ಮೇಲೆ. ಧೋತರವೂ ಅದೇ ದಾರಿ ಹಿಡಿದಿದೆ. ಅಪ್ಪ ಪ್ಯಾಂಟಿನಲ್ಲಿರುತ್ತಾನೆ, ಮಗ ಹಬ್ಬಕ್ಕೆ ಧೋತರ ಉಟ್ಟಿರುತ್ತಾನೆ. ನಾವು ಉಡಲಾರದ್ದನ್ನು, ಆದರೆ ಮರೆಯಲೂ ಆಗದ್ದನ್ನು ಮಕ್ಕಳಿಗೆ ಉಡಿಸುತ್ತೇವೆ.

ಹಾಗೆಂದು ಇದನ್ನು ಬರಿಯ ಚೆಂದದ ಕತೆಯಾಗಿ ನೋಡುವಂತಿಲ್ಲ. ಮಗುವಿನ ಮೇಲೆ ದೊಡ್ಡವರ ಉಡುಪು ಹಾಕುವುದೆಂದರೆ ಒಂದು ಕಾಲಕ್ಕೆ ದೊಡ್ಡವರ ಬಾಳನ್ನೇ ಹೊರಿಸುವುದಾಗಿತ್ತು.

ಕಾರ್ತಿಕದ ಗೌರಿ ಹುಣ್ಣಿಮೆಯ ಸಂಜೆ ಸಣ್ಣ ಹುಡುಗಿಯರು ಸೀರೆ ಉಟ್ಟು, ತಾಟಿನಲ್ಲಿ ಸಕ್ಕರೆ ಆರತಿ ಹಿಡಿದು ಗೌರಿಯ ಗುಡಿಗೆ ಹೋಗುವುದು ಉತ್ತರ ಕರ್ನಾಟಕದ ಅತ್ಯಂತ ಸುಂದರವಾದ ನೋಟಗಳಲ್ಲಿ ಒಂದು. ನೆಲಕ್ಕೆ ಎಳೆಯುವ ನೆರಿಗೆ, ಜಾರುವ ಸೆರಗು, ಜೊತೆಗೆ ಆರತಿ ಬೀಳದಂತೆ ಕಾಯಬೇಕಾದ ಕಷ್ಟ ಬೇರೆ. ಆದರೆ ಇದೇ ಹುಣ್ಣಿಮೆಗೆ, ಗೊತ್ತಾದ ಕನ್ಯೆಗೆ ಗಂಡಿನ ಮನೆಯವರು ಸೀರೆ, ಸಕ್ಕರೆ ಆರತಿ ಒಯ್ದು ಕೊಡುವ ರೂಢಿಯೂ ಉಂಟು. ಬಾಲ್ಯವಿವಾಹದ ದಿನಗಳಲ್ಲಿ ಆ ಕನ್ಯೆ ಇನ್ನೂ ಕುಂಟಲಿಪಿ ಆಡುವ ಮಗುವಾಗಿರುತ್ತಿದ್ದಳು. ಅವಳು ಉಟ್ಟ ಸೀರೆ ಆಟದ ಸೀರೆ ಆಗಿರಲಿಲ್ಲ.

ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬದೆ ಮದುವೆ ಕೂಡದೆಂದ ಶಾರದಾ ಕಾಯಿದೆ 1929ರಲ್ಲಿ ಬಂದು, 1930ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಆದರೆ ಅದು ಬ್ರಿಟಿಷ್ ಪ್ರಾಂತಗಳ ಕಾಯಿದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಇಳಕಲ್ಲಿಗೆ ಅನ್ವಯಿಸುತ್ತಿದ್ದ ಕಾನೂನು, ಗಡಿ ದಾಟಿದರೆ ಸಿಗುವ ನಿಜಾಮರ ಕುಷ್ಟಗಿಗೆ ಅನ್ವಯಿಸುತ್ತಿರಲಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಗಡಿ ದಾಟಿ ಬಂದವು, ಕಾನೂನು ಬರಲಿಲ್ಲ. ಮುಂದೆ 1978ರಲ್ಲಿ ಈ ವಯಸ್ಸು 18 ಮತ್ತು 21ಕ್ಕೆ ಏರಿತು. 2006ರಲ್ಲಿ ಇನ್ನೂ ಬಿಗಿಯಾದ ನಿಷೇಧ ಕಾಯಿದೆ ಬಂತು. ಹುಡುಗಿಯರನ್ನು ಮದುಮಗಳಂತೆ ಸಿಂಗರಿಸಿ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯಾಗಿಸುವ ಪದ್ಧತಿಯನ್ನು ಕರ್ನಾಟಕ ಶಾಸನ ಮಾಡಿ ನಿಷೇಧಿಸಿದ್ದು 1982ರಲ್ಲಿ. ಈ ಭಾಗದ ಬಡ ಕುಟುಂಬಗಳಿಗೆ ಇವೆರಡೂ ದೂರದ ಸುದ್ದಿಗಳಲ್ಲ. ಆಟಕ್ಕೆಂದು ಐದು ವರ್ಷದ ಹುಡುಗಿಗೆ ಬಾಸಿಂಗ ಕಟ್ಟಿ ಫೋಟೋ ತೆಗೆಸುವಾಗ, ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ನಗದೇ ಇದ್ದರೆ ಅದಕ್ಕೆ ಕಾರಣವಿರಬಹುದು.

ಹಾಗಾದರೆ ಇವನ್ನೆಲ್ಲ ಬಿಟ್ಟುಬಿಡಬೇಕೆ? ಯುರೋಪಿನಲ್ಲಿ ಹಾಗೆ ವಾದಿಸಿದವರಿದ್ದರು. 1656ರಲ್ಲಿ ಸ್ಪೇನಿನ ವೆಲಾಸ್ಕೆಸ್ ಬರೆದ ಪ್ರಸಿದ್ಧ ಚಿತ್ರದಲ್ಲಿ ಐದು ವರ್ಷದ ರಾಜಕುಮಾರಿ ಮಾರ್ಗರೀಟಾ, ಬಾಗಿಲಲ್ಲಿ ಹಿಡಿಸದಷ್ಟು ಅಗಲದ ಬಿರುಸು ಲಂಗದಲ್ಲಿ ಗೊಂಬೆಯಂತೆ ನಿಂತಿದ್ದಾಳೆ. ನೂರು ವರ್ಷಗಳ ನಂತರ, 1762ರಲ್ಲಿ, ರೂಸೋ ತನ್ನ 'ಎಮಿಲ್' ಗ್ರಂಥದಲ್ಲಿ ಕೂಸುಗಳನ್ನು ಬಟ್ಟೆಯಲ್ಲಿ ಬಿಗಿಯುವುದನ್ನು ಕಟುವಾಗಿ ಖಂಡಿಸಿ, ಮಗುವಿನ ಕೈಕಾಲು ಆಡಲು ಸಡಿಲವಾದ ಬಟ್ಟೆ ಬೇಕೆಂದ. ಜಪಾನ್ ಬೇರೆ ದಾರಿ ಹಿಡಿಯಿತು. ಮೂರು, ಐದು, ಏಳು ವರ್ಷ ತುಂಬಿದ ಮಕ್ಕಳು ನವೆಂಬರ್ 15ರ ಸುಮಾರಿಗೆ ಕಿಮೋನೊ ತೊಟ್ಟು ದೇವಾಲಯಕ್ಕೆ ಹೋಗುತ್ತಾರೆ, ಉದ್ದನೆಯ ಮಿಠಾಯಿ ಪಡೆಯುತ್ತಾರೆ. ಬಾಲ್ಯದಲ್ಲಿ ಒಂದೆರಡು ಸಲ ಬರುವ ಆ ದಿನ ಮಗುವಿಗೇ ಮೀಸಲು.

ನಮ್ಮ ಹಿರಿಯರ ರೂಢಿಯಲ್ಲಿಯೂ ಇಂಥ ಒಂದು ಅಳತೆ ಇತ್ತೆಂಬುದನ್ನು ಮರೆಯಬಾರದು. ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಹೊಸ ಬಟ್ಟೆಯನ್ನಲ್ಲ. ಒಗೆದು ಒಗೆದು ಮೆತ್ತಗಾದ ಅಜ್ಜಿಯ ಹಳೆಯ ಸೀರೆಯ ತುಂಡನ್ನು. ಹಾಸುವುದು ಹಳೆಯ ಬಟ್ಟೆಗಳನ್ನೇ ಸೇರಿಸಿ ಹೊಲಿದ ಕೌದಿಯನ್ನು. ಕುಂಚಿಗೆ ಬರುವುದು ಆಮೇಲೆ. ಅದೂ ಅಂಗಿಯಂತೆ ಮೈಗೆ ಬಿಗಿಯುವುದಿಲ್ಲ. ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟು ಗದ್ದದ ಕೆಳಗೆ ದಾರ ಕಟ್ಟಿದರಾಯಿತು. ದಾರ ಬಿಚ್ಚಿದರೆ ಒಂದೇ ಕ್ಷಣದಲ್ಲಿ ಇಳಿಯುತ್ತದೆ. ಮೊಹರಂನಲ್ಲಿ ಹರಕೆ ಹೊತ್ತವರು, ಅವರಲ್ಲಿ ಹಿಂದೂಗಳೂ ಅನೇಕರು, ಮಕ್ಕಳನ್ನು ಫಕೀರರನ್ನಾಗಿ ಮಾಡುತ್ತಾರೆ. ಹಬ್ಬ ಮುಗಿದ ಮೇಲೆ ಫಕೀರಿಯೂ ಮುಗಿಯುತ್ತದೆ. ತೊಡಿಸುವುದಕ್ಕೆ ಹೇಗೋ ಹಾಗೆ ತೆಗೆಯುವುದಕ್ಕೂ ಒಂದು ಹೊತ್ತಿತ್ತು.

ಈಚೆಗೆ ಕೆಟ್ಟಿರುವುದು ಈ ಅಳತೆಯೇ ಹೊರತು ಉಡುಪಲ್ಲ. ಗೋಕುಲಾಷ್ಟಮಿಯ ಕೃಷ್ಣವೇಷ, ಶಾಲೆಯ ಸಾಂಪ್ರದಾಯಿಕ ದಿನ, ಛದ್ಮವೇಷದ ಸ್ಪರ್ಧೆ, ಹುಟ್ಟುಹಬ್ಬದ ಫೋಟೋ ಎಂದು ಸಂದರ್ಭಗಳು ಬೆಳೆದಿವೆ. ಖಣದ ಜಾಗದಲ್ಲಿ ಗಾಳಿಯಾಡದ ಪಾಲಿಯೆಸ್ಟರ್, ಚರ್ಮ ಕೆರೆಯುವ ಅಗ್ಗದ ಜರಿ ಬಂದಿದೆ. ಒಂದು ತಾಸು ಎಂದದ್ದು ಒಂದು ದಿನವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಮದುವೆಯ ಚಪ್ಪರದಡಿ ಕಿರೀಟ ಹೊತ್ತ ಕೂಸಿನ ಅಳು ಬ್ಯಾಂಡಿನ ಸದ್ದಿನಲ್ಲಿ ಕೇಳಿಸುವುದೂ ಇಲ್ಲ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಿಂದ ಗೊಂಬೆ ಮಾಡಿ ಸೀರೆ, ಕಿರೀಟ, ಒಡವೆಗಳನ್ನು ಬಣ್ಣದಲ್ಲಿ ಬರೆಯುತ್ತಾರೆ. ಅವರು ಒಮ್ಮೆ ಉಡಿಸಿದ ಸೀರೆ ಬಣ್ಣ ಮಾಸುವವರೆಗೂ ಇರುತ್ತದೆ, ಗೊಂಬೆ ತಕರಾರು ಮಾಡುವುದಿಲ್ಲ. ಮಗು ಮಾಡುತ್ತದೆ. ಆ ತಕರಾರನ್ನು ಕೇಳಿಸಿಕೊಂಡರೆ ಸಾಕು, ಕುಂಚಿಗೆಗೂ ಕುಲಾಯಿಗೂ ಇನ್ನಷ್ಟು ಆಯುಷ್ಯ ಉಂಟು.

ತೊಟ್ಟಿಲ ಬಳಿಯ ಆ ಅಜ್ಜಿ ಒಂದು ತಾಸು ಕೇಳಿದ್ದಳು. ಕೇಳಿದ್ದು ತಪ್ಪಲ್ಲ, ಐದಾರು ನೂರು ವರ್ಷ ಬಾಳಿದ ಹೆಸರಿನ ಟೋಪಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಮಂದಿ ನೋಡಿ ಆಯಿತು, ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿದ್ದೂ ಆಯಿತು. ಇನ್ನು ದಾರ ಬಿಚ್ಚಬಹುದು. ಬಿಚ್ಚುವ ಕೈ ಅಜ್ಜಿಯದೇ ಆದರೆ ಇನ್ನೂ ಒಳ್ಳೆಯದು.